ನಡುವಿನ ದಾರ

ಮಾರ್ಚ್ 3, ಬೆಳಗ್ಗೆ 10
ಕಾಗದದ ಹಡಗು ಮುಗಿಯಿತು, ರೇಲಿಂಗ್ ಒಂದು ಬಾಕಿ. ರಟ್ಟಿನ ಚೌಕಟ್ಟಿಗೆ ಹೊಲಿಗೆ ದಾರ ಬಿಗಿದೆ. ಅಡ್ಡಕ್ಕೆ ಮೂರು, ಮೇಲಿಂದ ಕೆಳಕ್ಕೆ ನಲವತ್ತು. ಸೇರುವ ಕಡೆಯೆಲ್ಲ ಸೂಜಿಮೊನೆಯಷ್ಟು ಅಂಟು. ಎತ್ತರ ನಾಲ್ಕೇ ಮಿಲಿಮೀಟರ್. ಭೂತಗನ್ನಡಿ ಎಡಗಣ್ಣಿಗೆ ಹಿಡಿದೇ ರೂಢಿ. ನಮ್ಮ ಯಜಮಾನರು ಬಗ್ಗಿ ನೋಡಿ, "ಇದನ್ನ ಹಿಡ್ಕೊಂಡು ನಿಲ್ಲೋಕೆ ಇರುವೆ ಬರ್ಬೇಕಷ್ಟೆ" ಎಂದರು. ದೂರ ನಿಲ್ಲಿ ಎಂದು ಕೈಸನ್ನೆ ಮಾಡಿದೆ. ಉಸಿರು ಬಿಟ್ಟರೂ ದಾರ ಅಲುಗುತ್ತದೆ.

ಮಾರ್ಚ್ 4
ನಡುವಿನ ದಾರ ಡೊಂಕು. ಬಿಚ್ಚಿ ಮತ್ತೆ ಬಿಗಿದೆ. ಅದೇ ಜಾಗದಲ್ಲಿ ಡೊಂಕು. ದಾರ ಕೊಟ್ಟ ಅಂಗಡಿಯವನಿಗೆ ಮನಸ್ಸಿನಲ್ಲೇ ಬೈದೆ.

ಮಾರ್ಚ್ 6
ಹಟ ಹಿಡಿದು ಸರಿಮಾಡಿದೆ. ಸೂಜಿಯಿಂದ ಕೂದಲೆಳೆಯಷ್ಟು ಮೇಲೆತ್ತಿ ಅಂಟಿಸಿದೆ. ಈಗ ನೇರ. ಇವರನ್ನು ಕರೆದು ತೋರಿಸಿದೆ.
"ನಿನ್ನೆ ಚೆನ್ನಾಗೇ ಇತ್ತಲ್ಲೇ. ಯಾಕೆ ಬಗ್ಗಿಸ್ದೆ?"
ತಮಾಷೆ ಅಂದುಕೊಂಡೆ. ಮುಖದಲ್ಲಿ ನಗು ಇರಲಿಲ್ಲ.
ಎಡಗಣ್ಣು ಮುಚ್ಚಿ ನೋಡಿದೆ — ಹೌದು, ಡೊಂಕು. ಬಲಗಣ್ಣು ಮುಚ್ಚಿದೆ — ನೇರ. ಹಾಗೇ ಬಾಗಿಲ ಕಡೆ ತಿರುಗಿದೆ. ಬಾಗಿಲ ಚೌಕಟ್ಟು ನಡುವೆ ಬಾಗಿದೆ.
ಅಮ್ಮನಿಗೂ ಹೀಗೇ ಶುರುವಾಗಿದ್ದು. "ಗೋಡೆ ಸೊಟ್ಟ ಕಟ್ಟಿದಾರೆ ಕಣ್ರೇ" ಅನ್ನುತ್ತಿದ್ದಳು. ನಾವೆಲ್ಲ ನಕ್ಕಿದ್ದೆವು. ವರ್ಷದೊಳಗೆ ಅವಳಿಗೆ ನನ್ನ ಮುಖವೇ ಕಾಣದಾಯಿತು.
ಇವರಿಗೆ, "ಕೈ ಜಾರ್ತು ಕಣ್ರೀ" ಎಂದೆ.

ಮಾರ್ಚ್ 19
ಇಷ್ಟು ದಿನ ಹಡಗಿಗೆ ಬಟ್ಟೆ ಮುಚ್ಚಿಟ್ಟಿದ್ದೆ. ಬಟ್ಟೆ ನೋಡಿಯೇ ಇವರಿಗೆ ಅನುಮಾನ. ಬಾಯಿ ಬಿಡಿಸಿ, ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದರು.
ಡಾಕ್ಟರು ಒಂದು ಕಾರ್ಡ್ ಕೊಟ್ಟರು. ತುಂಬ ಚೌಕಳಿ ಗೆರೆ. ಥೇಟ್ ನನ್ನ ರೇಲಿಂಗ್.
"ಗೆರೆ ನೇರ ಕಾಣುತ್ತಾ ಅಮ್ಮ?"
ಹ್ಞೂಂ ಅಂದುಬಿಡೋಣ ಅನ್ನಿಸಿತು. ಇವರು ಪಕ್ಕದಲ್ಲೇ ಕೂತಿದ್ದರು. ಎಡಗಣ್ಣಿಗೆ ಡೊಂಕು ಎಂದೆ.
"ಎಡಗಣ್ಣಿಗೆ ಇಂಜೆಕ್ಷನ್ ಕೊಡೋಣ. ಹೋಗಿದ್ದು ಪೂರ್ತಿ ಬರುತ್ತೆ ಅಂತ ಹೇಳೋಕಾಗಲ್ಲ. ಬಲಗಣ್ಣು ಚೆನ್ನಾಗಿದೆ. ಅದನ್ನ ದಿನಾ ಪರೀಕ್ಷೆ ಮಾಡ್ಕೋತಾ ಇರಿ."
ಒಂದಿದ್ದರೆ ಸಾಕು. ಮುಖ ಕಾಣುತ್ತದೆ. ದಾರವೂ...

ಏಪ್ರಿಲ್ 2, ಬೆಳಗ್ಗೆ 7
ನಿನ್ನೆ ಬಲಗಣ್ಣಲ್ಲೇ ಹೊಸ ರೇಲಿಂಗ್ ಕಟ್ಟಿದೆ. "ಈಗ ನೆಟ್ಟಗಿದೆ ನೋಡು" ಎಂದರು ಇವರು. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.
ಇವತ್ತು ನಡುವಿನ ದಾರ ಸ್ವಲ್ಪ ಇಳಿದಿದೆ. ಅಂಟು ಒಣಗುವಾಗ ಎಳೆದಿರಬೇಕು. ಹಾಗಾಗುತ್ತದೆ. ಎಷ್ಟೋ ಸಲ ಆಗಿದೆ.
ಇವರನ್ನು ಕರೆಯಲಿಲ್ಲ. ಸ್ಟೀಲ್ ಸ್ಕೇಲ್ ತಂದು ದಾರದ ಪಕ್ಕ ಇಟ್ಟೆ. ಎಡಗಣ್ಣು ಮುಚ್ಚಿದೆ.
ಸ್ಕೇಲ್ ಕೂಡ —