ಹಸಿರು ಉರಿಯನ್ನು ನಂಬದ ಮಾವನಿಗೆ

ಮಾವ,

ಶಂಕರಘಟ್ಟದ ಯೂನಿವರ್ಸಿಟಿಯಿಂದ ಬಂದು ಬಸ್ ಇಳಿದು, ಗಾಂಧಿ ಬಜಾರ್‌ನಲ್ಲಿ ಪೇಡ ಕಟ್ಟಿಸಿಕೊಂಡು ನಾನು ಮನೆಗೆ ಓಡಿಬಂದ ಆ ಸಂಜೆ ನಿಮಗೆ ನೆನಪಿದೆಯಾ? ಕಡಲ ಸ್ಪಂಜು ಎಂಬ ಜೀವಿಯಿಂದ ತೆಗೆದ ಆಲ್ಕಲಾಯ್ಡ್ ಎಂಬ ರಾಸಾಯನಿಕವನ್ನು ತಾಮ್ರದ ತಂತಿಗೆ ಹಚ್ಚಿ ಉರಿಗೆ ಹಿಡಿದಿದ್ದೆ. ಉರಿ ಹಸಿರಾಯಿತು. ಬ್ರೋಮಿನ್ ಇದೆ ಎಂದು ಕುಣಿದಾಡಿದೆ. ಬ್ರೋಮಿನ್ ಇಲ್ಲದ, ಇದೇ ಬಗೆಯ ಆಲ್ಕಲಾಯ್ಡನ್ನು ಆಗಲೇ ಬೇರೆಯವರು ಕಂಡುಹಿಡಿದಿದ್ದರು. ಇದೂ ಅದೇ ಆಗಿದ್ದರೆ ನನ್ನ ಮೂರು ವರ್ಷದ ಪಿಎಚ್‌ಡಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅತ್ತೆ ಮಾತ್ರ, ಸ್ಲೇಟು ಒರೆಸುವ ಸ್ಪಂಜಿಗೆ ಇಷ್ಟೊಂದು ಓದಬೇಕಾ ಎಂದು ನಕ್ಕಿದ್ದರು.

ನೀವು ಪೇಡ ಮುಟ್ಟಲಿಲ್ಲ. ಭದ್ರಾವತಿಯ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಕಬ್ಬಿಣ ಪರೀಕ್ಷಿಸಿದವರಲ್ಲವೇ? ಅದನ್ನು ಯಾವುದರಲ್ಲಿ ಕರಗಿಸಿ ತೆಗೆದೆ ಎಂದು ಕೇಳಿದಿರಿ. ಕ್ಲೋರೋಫಾರ್ಮ್ ಎಂದೆ.

"ಕ್ಲೋರೋಫಾರ್ಮಿಗೂ ಹಸಿರು ಬರುತ್ತೆ ಕಣಮ್ಮ. ಬರೀ ಅದನ್ನೇ ಸುಟ್ಟು ನೋಡಿದ್ಯಾ?"

ನೋಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕಬ್ಬಿಣ ಸುಟ್ಟವರಿಗೆ ಕಡಲಿನ ವಿಷಯ ಏನು ಗೊತ್ತು ಎಂದುಬಿಟ್ಟೆ. ಎಂಥ ಮಾತಾಡಿದೆ ನಾನು... ಮೂರು ದಿನ ನಿಮ್ಮ ಮುಂದೆ ಕಾಫಿ ಲೋಟ ಕುಕ್ಕಿದೆ. ನೀವು ಕುಡಿದು, ಲೋಟ ನೀವೇ ತೊಳೆದಿಟ್ಟಿರಿ.

ನಾಲ್ಕನೇ ದಿನ, ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ಬರೀ ಕ್ಲೋರೋಫಾರ್ಮ್ ಹಚ್ಚಿ ತಂತಿ ಹಿಡಿದೆ. ಅದೇ ಹಸಿರು. ಅಯ್ಯೋ ಶಿವನೇ! ಮನೆಗೆ ಬಂದು ಹೇಳಿದಾಗ ನೀವು ಹಂಗಿಸಲಿಲ್ಲ. ಕ್ಲೋರೋಫಾರ್ಮ್ ಪೂರಾ ಹೋಗುವ ಹಾಗೆ ಒಣಗಿಸಿ, ಆಲ್ಕೋಹಾಲಿನಲ್ಲಿ ಹರಳು ಕಟ್ಟಿಸಿ ಮತ್ತೆ ನೋಡು ಎಂದಿರಿ. ಆಮೇಲೆ ದಿನಾ ಸಂಜೆ ಬಾಗಿಲಲ್ಲೇ ವಿಚಾರಣೆ, ಹರಳು ಬಂತಾ ಅಂತ. ಅದು ಬರುವ ಹೊತ್ತಿಗೆ ಕೇಳಲು ನೀವೇ ಇರಲಿಲ್ಲ...

ಬಂತು ಮಾವ. ಬರೀ ಆಲ್ಕೋಹಾಲಿಗೆ ಹಸಿರು ಬರಲಿಲ್ಲ, ಹರಳಿಗೆ ಬಂತು. ಆದರೂ ನಂಬಲಿಲ್ಲ, ನಿಮ್ಮ ಸೊಸೆಯಲ್ಲವೇ? ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರಮ್‌ ಪರೀಕ್ಷೆಗೆ ಕಳಿಸಿದೆ. ವರದಿಯಲ್ಲಿ ಹತ್ತಿರ ಹತ್ತಿರ ನಿಂತ, ಹೆಚ್ಚುಕಡಿಮೆ ಒಂದೇ ಎತ್ತರದ ಎರಡು ಗೆರೆಗಳು. ಬ್ರೋಮಿನ್ ಇದ್ದರೆ ಹಾಗೇ ಬರುತ್ತದೆ. ಎಷ್ಟು ಹಗುರವಾಯಿತು ಗೊತ್ತಾ ಮನಸ್ಸು!

ನಿನ್ನೆ ವೈವಾ ಆಯಿತು. ಹೊರಗಿನಿಂದ ಬಂದ ಪರೀಕ್ಷಕರ ಮೊದಲ ಪ್ರಶ್ನೆಯೇ, ಆ ಹಸಿರು ಕ್ಲೋರೋಫಾರ್ಮಿನದಲ್ಲ ಎಂದು ಹೇಗೆ ಹೇಳುತ್ತೀರಿ ಎಂದು. ನನಗೆ ನಗು ಬಂತು, ಕಣ್ಣೂ ತುಂಬಿತು. ಇದನ್ನು ನಮ್ಮ ಮಾವ ಆಗಲೇ ಕೇಳಿದ್ದಾರೆ ಸರ್ ಎಂದು, ಮಾಡಿದ್ದನ್ನೆಲ್ಲ ವಿವರಿಸಿದೆ. ಅವರು ತಲೆಯಾಡಿಸಿ, ನಿಮ್ಮ ಮಾವ ಯಾವ ಯೂನಿವರ್ಸಿಟಿಯವರು ಎಂದರು.

"ಭದ್ರಾವತಿ ಕಾರ್ಖಾನೆಯವರು ಸರ್" ಎಂದೆ.

ಪಾಸಾದೆ, ಮಾವ.

ನಿಮ್ಮ ಸೊಸೆ,
ಗಿರಿಜ