ಚೀಲದ ಮೇಲಿನ ಕೋಡ್

ಹಾಸ್ಟೆಲ್, ಸೇಡಂ

ಕಾಕಾ ಅವರಿಗೆ ನಮಸ್ಕಾರ.

ಫೋನ್ ಕಟ್ ಮಾಡಿದ ನಿಮಗೆ ಮತ್ತೆ ಪತ್ರ ಬರೆದು ಕಾಡುತ್ತಿದ್ದೇನೆ, ಸಾರಿ. "ನಾ ದುಡಿದ ಕಾರ್ಖಾನಿ ಕೋಡ್ ನೋಡೇ ಸಿಮೆಂಟ್ ತಂದೀನಿ. ಅದಕ್ಕ ಹೆಸರಿಡ್ತೀಯೇನಲೇ, ಇಂಜಿನೇರ?" ಅಂದಿರಿ.

ಕಾರ್ಖಾನೆಯ ತಪ್ಪಲ್ಲ ಕಾಕಾ. ಸಿಮೆಂಟ್ ಎಲ್ಲಿ, ಯಾವ ವಾರ ತುಂಬಿದ್ದು ಅಂತ ಮಾತ್ರ ಚೀಲದ ಮೇಲಿನ ಕೋಡ್ ಹೇಳುತ್ತದೆ. ಆಮೇಲೆ ಅಂಗಡಿಯಲ್ಲಿ ನೆನೆದದ್ದನ್ನು ಹೇಳುವುದಿಲ್ಲ. ಅದೇ ಅಂಗಡಿಯ, ಅದೇ ಕೋಡಿನ ಚೀಲದಿಂದ ನಮ್ಮ ಕಾಲೇಜಿನ ಲ್ಯಾಬ್‌ನಲ್ಲಿ ಪರೀಕ್ಷೆಗೆಂದು ಮಾಡಿದ ಕಾಂಕ್ರೀಟ್ ಕ್ಯೂಬ್ ನಿನ್ನೆ ಕೈಯಲ್ಲೇ ಪುಡಿಯಾಯಿತು. ಇವತ್ತು ನೀವು ಮನೆಗೆ ಹಾಕುವ ಸ್ಲ್ಯಾಬಿನ ಕೆಳಗೆ ನಾಳೆ ನಿಮ್ಮ ಮಗಳು ವಿಜಯಕ್ಕ ಕೂಸನ್ನು ಮಲಗಿಸುತ್ತಾಳೆ.

ಕಾಲಿಗೆ ಬೀಳುತ್ತೇನೆ, ಮಿಕ್ಸರ್ ಶುರು ಮಾಡುವ ಮೊದಲು ಪ್ರತಿ ಚೀಲ ಬಿಚ್ಚಿ ಕೈ ಹಾಕಿ ನೋಡಿ. ಗಟ್ಟಿ ಗಂಟು ಸಿಕ್ಕರೆ ಕೆಲಸ ನಿಲ್ಲಿಸಿ. ಆಮೇಲೆ ಬೇಕಾದಷ್ಟು ಬೈಯಿರಿ.

ಪತ್ರ ತಂದ ನಿಮ್ಮೂರು ಆಡಕಿಯ ಬಸ್ಸಿನ ಕಂಡಕ್ಟರ್ ಕೈಯಲ್ಲೇ ಬೇಗ ಉತ್ತರ ಕಳಿಸಿ.

ನಿಮ್ಮ
ಬೀರೇಶ