ಸೆರಗಿನ ಗಂಟು

ಯಶವಂತನಗರ
ಭಾನುವಾರ, 20 ಆಗಸ್ಟ್ 2006

ಮಗಳೇ ಯಶೋಧರಾ,

ಉಂಡೆಯಾ? ಉಂಡಿರದಿದ್ದರೆ ಈ ಕಾಗದ ಮಡಚಿಟ್ಟು ಉಂಡು ಬಾ. ಆಮೇಲೆ ಬೈಯುತ್ತೇನೆ.

ಝಂಡಾ ಹಾರಿಸುವಾಗ ಸಾಲಿನಲ್ಲಿ ನಿಂತವಳು ಕಣ್ಣು ಕತ್ತಲೆ ಬಂದು ಬಿದ್ದೆಯಂತೆ. ಹಾಸ್ಟೆಲ್ ಮೇಡಂ ಫೋನ್ ಮಾಡಿದ್ದರು. ರಕ್ತದಲ್ಲಿ ಕಬ್ಬಿಣ ಸಾಲದು ಎಂದರಂತೆ ಡಾಕ್ಟರು. ಅದು ನಿನ್ನ ವಯಸ್ಸಿನ ಹುಡುಗಿಯರಿಗೆ ಆಗುವಂಥದ್ದೇ, ಅದಕ್ಕೆ ಸಿಟ್ಟಿಲ್ಲ. ನಿನ್ನ ದಿಂಬಿನ ಕೆಳಗೆ ನಮ್ಮೂರ ಕೆಂಪು ಮಣ್ಣಿನ ಹೆಂಟೆ ಸಿಕ್ಕಿತಲ್ಲ, ಅದಕ್ಕೆ ಸಿಟ್ಟು. ಕೇಳಿದರೆ, "ಕಬ್ಬಿಣ ತಿನ್ರಿ ಅಂತ ಟೀಚರ್ ಹೇಳಿದ್ರು, ನಮ್ಮೂರ ಮಣ್ಣಾಗ ಬರೀ ಅದಾ ಐತ್ರಿ" ಅಂದೆಯಂತೆ. ಮೇಡಂ ನಗುತ್ತಾ ಹೇಳಿದರು. ನನಗೆ ನಗು ಬರಲಿಲ್ಲ.

ಹುಚ್ಚಿ, ಆ ಕಬ್ಬಿಣ ಲಾರಿ ಹತ್ತಿ ಹಡಗಿಗೆ ಹೋಗುವಂಥದ್ದು, ಮೈಗೆ ಹತ್ತುವಂಥದ್ದಲ್ಲ. ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತವೆ, ಅಷ್ಟೆ. ಹತ್ತುವ ಹಾಗಿದ್ದರೆ ಇಷ್ಟು ಧೂಳು ಕುಡಿದ ನಿಮ್ಮಪ್ಪ ಇಷ್ಟೊತ್ತಿಗೆ ಪೈಲ್ವಾನ ಆಗಬೇಕಿತ್ತು.

ಅವನು ಬೇರೆ "ಓದಿದ್ದು ಸಾಕು, ಕರ್ಕೊಂಡು ಬಾ" ಅಂತ ಪಟ್ಟು ಹಿಡಿದು ಕೂತಿದ್ದಾನೆ. ದಸರೆಗೆ ಮತ್ತೆ ರಕ್ತ ನೋಡುತ್ತಾರೆ, ಏರದಿದ್ದರೆ ಹಾಸ್ಟೆಲ್ ಬಿಡಿಸುತ್ತಾನೆ. ಬಿಡಿಸಿದರೆ ನನ್ನ ಜೊತೆ ಅದಿರಿನ ಬುಟ್ಟಿ ಹೊರಲು ಬರುತ್ತೀ. ನಿನ್ನ ತಲೆಯ ಮೇಲೆ ಆ ಬುಟ್ಟಿ ನೋಡಲು ನನ್ನ ಕೈಲಾಗುವುದಿಲ್ಲ ಮಗಳೇ.

ದುರುಗೇಶ ಮಾವನ ಕೈಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಪುಡಿ, ಬೆಲ್ಲದ ಶೇಂಗಾ ಉಂಡೆ ಕಳಿಸಿದ್ದೇನೆ. ಪುಂಡಿಪಲ್ಯ ನಮ್ಮ ಹಳೇ ಕಬ್ಬಿಣದ ಬಾಣಲೆಯಲ್ಲಿ ಮಾಡಿದ್ದು, ಇವತ್ತೇ ತಿಂದುಬಿಡು. ಕಬ್ಬಿಣ ಬೇಕಿದ್ದರೆ ಹೀಗೆ ತಿನ್ನಬೇಕು. ಹಾಸ್ಟೆಲಿನಲ್ಲಿ ನುಗ್ಗೆಸೊಪ್ಪಿನ ಸಾರು ಮಾಡಿದ ದಿನ ಮೂಗು ಮುರಿಯಬೇಡ, ನಿಂಬೆಹಣ್ಣು ಹಿಂಡಿಕೊಂಡು ಉಣ್ಣು. "ಉಂಡ ಕೂಡ್ಲೇ ಚಾ ಬ್ಯಾಡ, ಉಂಡಿದ್ದು ಮೈಗೆ ಹತ್ತಂಗಿಲ್ಲ" ಅಂದಳು ನಮ್ಮೂರ ನರ್ಸಮ್ಮ. ಡಾಕ್ಟರು ಕೊಟ್ಟ ಗುಳಿಗೆ ಬಚ್ಚಲಿಗೆ ಎಸೆದೀಯೆ, ಜೋಕೆ.

ಮಣ್ಣು ತಿನ್ನುವ ಚಟ ಎಲ್ಲಿಂದ ಬಂತೋ ನಿನಗೆ! ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಒಂದು ಹನಿ ಮಳೆ ಬಿದ್ದು ವಾಸನೆ ಎದ್ದರೆ ಬಾಯಲ್ಲಿ ನೀರೂರುವುದು ಖರೆ, ನಾಲಿಗೆ ಮಾತು ಕೇಳುವುದಿಲ್ಲ. ಆಗ ಒಂದು ಚೂರು ಬೆಲ್ಲ ಬಾಯಿಗಿಟ್ಟುಕೋ.

ಮಾವ ಬಸ್ಸಿಗೆ ಅವಸರ ಮಾಡುತ್ತಿದ್ದಾನೆ.

ಸಿಟ್ಟು ಇಳಿಯದ ನಿನ್ನ ಅವ್ವ,
ಹುಲುಗಮ್ಮ

ತಾ.ಕ. ಮೇಲೆ ಬರೆಯದೇ ಬಿಟ್ಟದ್ದು: ಚಟ ಎಲ್ಲಿಂದ ಬಂತೆಂದು ಕೇಳಿದೆನಲ್ಲ, ನನ್ನಿಂದಲೇ. ನನ್ನ ಸೆರಗಿನ ಗಂಟಿನಲ್ಲಿ ಎಲೆ ಅಡಿಕೆ ಇರುತ್ತದೆಂದು ನಿಮ್ಮಪ್ಪ ತಿಳಿದಿದ್ದಾನೆ. ಮೊನ್ನೆ ನರ್ಸಮ್ಮ ನನಗೂ ಬೆರಳು ಚುಚ್ಚಿ ನೋಡಿದಳು. ರಕ್ತ ನಿನಗಿಂತ ಕಡಿಮೆ ಇದೆ. ಇವತ್ತು ಗಂಟು ಬಿಚ್ಚಿ ಮಣ್ಣನ್ನೆಲ್ಲ ಹಿತ್ತಲಲ್ಲಿ ಕೊಡವಿದೆ. ನಿನ್ನ ಹತ್ತಿರ ಇನ್ನೂ ಇದ್ದರೆ ನೀನೂ ಎಸೆ. ಉಂಡೆ ಕಡಿಮೆ ಬಂದವೆಂದು ಮಾವನ ಮೇಲೆ ಅನುಮಾನ ಪಡಬೇಡ, ಅರ್ಧ ನನಗೆ ಇಟ್ಟುಕೊಂಡಿದ್ದೇನೆ.